ಟ್ಯಾಂಕರಿನವನಿಗೆ ಬೆಲ್ಲ-ನೀರು

ಮಳೆ ನಿಂತು ದಿನಗಳೇ ಆದವು, ಬಿಸಿಲು ತಲೆ ಸುಡುತ್ತಿದೆ. ಆದರೂ ಕೊಲ್ಲಿ ನಾಡಿನ ಈ ಮಿರ್ದಿಫ್‌ನಲ್ಲಿ ನನ್ನಕ್ಕನ ಮನೆಯೆದುರಿನ ಗಲ್ಲಿಯಲ್ಲಿ ಇನ್ನೂ ಮೊಣಕಾಲುದ್ದ ನೀರು. ಆಚೆಯ ದೊಡ್ಡ ರಸ್ತೆಯನ್ನು ಮಾತ್ರ ಮೊದಲ ದಿನವೇ ಒಣಗಿಸಿದ್ದಾರೆ. ದೂರು ಕೊಡಲು ಫೋನ್ ಮಾಡಿದರೆ ಹೆಣ್ಣುದನಿಯೊಂದು ನಮ್ಮ ತಾಳ್ಮೆಗೆ ಧನ್ಯವಾದ ಹೇಳುತ್ತದೆ. ನಮಗೆ ತಾಳ್ಮೆ ಇದೆ ಅಂತ ಅದಕ್ಕೆ ಹೇಳಿದವರು ಯಾರೋ!

"ನಮ್ಮ ಉಡುಪಿಯಲ್ಲಿ ಇಷ್ಟು ಮಳೆಗೆ ಶಾಲೆಗೆ ರಜೆ ಸಹ ಕೊಡುದಿಲ್ಲ ಮಾರಾಯ," ಎಂದು ಭಾವ ಗೊಣಗುತ್ತಿದ್ದಾಗ ನೀರು ಹೀರುವ ಟ್ಯಾಂಕರೊಂದು ಗಲ್ಲಿಗೆ ಬಂತು. ಗಲ್ಲಿಗೆ ಗಲ್ಲಿಯೇ ಹೊರಗೆ ಬಂದು ನಿಂತಿತು. ಪಕ್ಕದ ಮನೆಯ ಹಿರಿಯ ಹಮೀದಾಕ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ದಾರಿ ತೋರಿಸಿದರು. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ರೂಢಿ. ಅಕ್ಕ ಚೂಡಿದಾರ ಎತ್ತಿ ಹಿಡಿದು, ಆ ಕೊಳಕು ನೀರಲ್ಲೇ ನಡೆದುಹೋಗಿ ಡ್ರೈವರನಿಗೆ ಬೆಲ್ಲದ ತುಂಡು, ಒಂದು ಲೋಟ ತಣ್ಣೀರು ಕೊಟ್ಟಳು.

ಅವನು ದಪ್ಪ ಪೈಪನ್ನು ಇಳಿಸಿ ಮೋಟಾರು ಹಾಕಿದ. ಭಾವ ಚಪ್ಪಾಳೆ ತಟ್ಟಿದರು. ಪೈಪಿನ ಬಾಯಿಂದ ನೀರು ಬುಗ್ಗೆಯಂತೆ ಉಕ್ಕಿತು. ಟ್ಯಾಂಕರು ಹೀರುತ್ತಿರಲಿಲ್ಲ, ಬೇರೆಲ್ಲೋ ಹೀರಿ ತಂದದ್ದನ್ನು ಇಲ್ಲಿ ಬಿಡುತ್ತಿತ್ತು.

"ಎಂತದಿದು? ತೆಗೀಲಿಕ್ಕೆ ಬಂದದ್ದಲ್ವಾ ನೀನು?" ಭಾವ ಹಿಂದಿಯಲ್ಲಿ ಕೂಗಿ ಕೇಳಿದರು.

"ಒಣಗಿದ ಕಡೆ ಬಿಟ್ಟರೆ ಜನ ಬೈತಾರೆ ಸಾಬ್. ಇಲ್ಲಿ ಹೇಗೂ ನೀರಿದೆಯಲ್ಲ," ಅಂದ ಅವನು, ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ.

ಅಕ್ಕ ಲೋಟ ವಾಪಸು ಕೇಳಿದಳು. ಎಂಜಲು ಲೋಟ ಕೊಡಬಾರದೆಂದು ಅವನು ಬಗ್ಗಿ, ನಮ್ಮ ಗಲ್ಲಿಯ ನೀರಲ್ಲೇ ಅದನ್ನು ತೊಳೆದು ಕೊಟ್ಟ.