ಅಕ್ಕನ ಕಾಲಿನ ನೀಲಿ ನರ

ನನ್ನ ಅಕ್ಕ ಲೀಲಕ್ಕನ ಎಡಗಾಲಿನ ಹುಣ್ಣು ಆರು ವರ್ಷ ಒಣಗಲಿಲ್ಲ. ಅದಕ್ಕೆ ಕಾರಣ ನಾನು. ದೇವಿಯ ದಯೆಯನ್ನು ಮಾತ್ರ ಬರೆದು ನನ್ನ ತಪ್ಪನ್ನು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ, ಭಕ್ತ ಬಂಧುಗಳೇ.

ನಾವು ಬೋಳಾರದವರು. ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಮೀನು ತಂದು ಮಾರ್ಕೆಟಿನಲ್ಲಿ ದಿನವಿಡೀ ನಿಂತೇ ಮಾರುವವರು. ಇಬ್ಬರ ಕಾಲಿನಲ್ಲೂ ನೀಲಿ ನರಗಳು ಸುತ್ತಿಕೊಂಡು ಉಬ್ಬಿದ್ದವು. ಅಕ್ಕನಿಗೆ ಹುಣ್ಣಾದಾಗ ಡಾಕ್ಟರು, ಲೇಸರಿನಿಂದ ನರವನ್ನು ಒಳಗಿನಿಂದಲೇ ಸುಡಬಹುದು ಎಂದರು. ಅಕ್ಕ ಒಪ್ಪಿದ್ದಳು. ಹಟ ಹಿಡಿದವಳು ನಾನು.

"ಹಾವಿನ ಹಾಗೆ ಸುತ್ತಿಕೊಂಡು ಉಂಟು ನೋಡು. ಇದು ನಾಗನ ಗುರುತು. ಸುಟ್ಟರೆ ಮಕ್ಕಳಿಗೆ ದೋಷ ತಟ್ಟೀತು" ಎಂದೆ.

ನಾಗಬನದಲ್ಲಿ ನಾಗನಿಗೆ ಹಾಲೆರೆಯುವ ತಂಬಿಲ ಸೇವೆ ಮಾಡಿಸಿದೆ. ಭಟ್ಟರು ಅರಸಿನ ಪ್ರಸಾದ ಕೊಟ್ಟು, "ಡಾಕ್ಟರಿಗೂ ತೋರಿಸಿ ಆಯ್ತಾ" ಎಂದಿದ್ದರು. ಆ ಮಾತನ್ನು ಅಲ್ಲೇ ಬಿಟ್ಟು ಪ್ರಸಾದ ಮಾತ್ರ ತಂದು ಹುಣ್ಣಿಗೆ ಹಚ್ಚಿದೆ. ಅಕ್ಕ ಮಾರ್ಕೆಟ್ ಬಿಟ್ಟಳು. ಸ್ವಂತ ಮಗಳ ಮದುವೆಯ ದಿನ, ಹುಣ್ಣಿನ ವಾಸನೆ ಬರುತ್ತದೆಂದು ಒಳಕೋಣೆಯಲ್ಲೇ ಕುಳಿತಳು. ಆಗಲೂ ನನಗೆ ಬುದ್ಧಿ ಬರಲಿಲ್ಲ.

ಪ್ರತಿ ಮಂಗಳವಾರ ದೇವಸ್ಥಾನಕ್ಕೆ ಹೋಗಿ ದೇವಿ ಅಮ್ಮನವರ ನಡೆಯಲ್ಲಿ ನಿಂತು, "ತಾಯೇ, ಅಕ್ಕನಿಗೊಂದು ದಾರಿ ತೋರಿಸು" ಎಂದು ಅಳುತ್ತಿದ್ದೆ. ಕಳೆದ ವರ್ಷ ಹಾಗೆ ಬೇಡಿಕೊಂಡು ಬಸ್ಸು ಹತ್ತುವಾಗ ಮೆಟ್ಟಿಲು ತಾಗಿ ನನ್ನ ಕಾಲಿನ ನರವೇ ಒಡೆಯಿತು. ಚಪ್ಪಲಿಯೆಲ್ಲ ರಕ್ತ. ಕಂಡಕ್ಟರ್ ತನ್ನ ಹೆಗಲ ಮೇಲಿನ ಬೈರಾಸನ್ನು ಗಾಯಕ್ಕೆ ಒತ್ತಿಹಿಡಿದು, "ಕಾಲು ಎತ್ತಿ ಸೀಟಿನ ಮೇಲೆ ಇಡಿ ಮಾರ್ರೆ, ಹೆದರಬೇಡಿ" ಎಂದ. ಬಸ್ಸನ್ನು ಆಸ್ಪತ್ರೆಯ ಗೇಟಿಗೇ ತಂದು ನಿಲ್ಲಿಸಿದರು.

ಸ್ಕ್ಯಾನ್ ಮಾಡಿದ ಡಾಕ್ಟರಮ್ಮನಿಗೆ ನಾಗನ ವಿಷಯ ಹೇಳಿದೆ. ಅವರು ನಗಲಿಲ್ಲ.

"ನಮ್ಮ ಮನೆಯಲ್ಲೂ ತಂಬಿಲ ಉಂಟು. ಆದರೆ ಇದು ನಾಗ ಅಲ್ಲ, ರಕ್ತನಾಳ. ನಿಂತು ನಿಂತು ಒಳಗಿನ ಕವಾಟ ಹಾಳಾಗಿ ರಕ್ತ ಕೆಳಗೇ ನಿಲ್ತದೆ, ಅಷ್ಟೇ."

ವಾರ ಬಿಟ್ಟು ಲೇಸರ್ ಮಾಡಿದರು. ಕಾಲು ಮರಗಟ್ಟಲು ಇಂಜೆಕ್ಷನ್, ನರದೊಳಗೆ ಒಂದು ಸಪೂರ ತಂತಿ. ಒಂದು ಗಂಟೆಯೂ ಹಿಡಿಯಲಿಲ್ಲ. ಬಿಗಿಯಾದ ಉದ್ದ ಕಾಲುಚೀಲ ಹಾಕಿಕೊಂಡು ಸಂಜೆ ನಾನೇ ನಡೆದು ಬಸ್ಸು ಹತ್ತಿದೆ. ಮನೆ ಮುಟ್ಟುವವರೆಗೂ ಅತ್ತೆ. ಇಷ್ಟಕ್ಕೆ ಅಕ್ಕನನ್ನು ಆರು ವರ್ಷ ನರಳಿಸಿದೆನಲ್ಲ.

ಮರುತಿಂಗಳು ಅಕ್ಕನಿಗೂ ಮಾಡಿಸಿದೆವು. ಡ್ರೆಸ್ಸಿಂಗ್ ಮಾಡುತ್ತಾ ಮಾಡುತ್ತಾ ನಿಧಾನಕ್ಕೆ ಹುಣ್ಣು ಒಣಗಿತು. ಮೊನ್ನೆ ಅಮ್ಮನವರಿಗೆ ಹೂವಿನ ಪೂಜೆ ಮಾಡಿಸಿ ಹೊರಗೆ ಬರುವಾಗ ತಡೆಯಲಾಗದೆ ಕೇಳಿದೆ: "ನಾಗನ ಹೆದರಿಕೆ ಹಾಕಿದವಳು ನಾನು. ನನ್ನ ಮೇಲೆ ಸಿಟ್ಟು ಇಲ್ವಾ ಅಕ್ಕ?"

"ನನಗೆ ನಾಗನ ಹೆದರಿಕೆ ಎಂತದೂ ಇರಲಿಲ್ಲ ಮಾರಾಯ್ತಿ" ಎಂದಳು ಅಕ್ಕ. "ನೀನು ಬೇಡ ಅಂದೆ, ಅದಕ್ಕೆ ನಾನೂ ಬೇಡ ಅಂದದ್ದು."

ತಾಯಿ ನನ್ನ ಮೊರೆ ಕೇಳಿದಳು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಮಂಗಳವಾರ ಈಗಲೂ ತಪ್ಪದೆ ಹೋಗುತ್ತೇನೆ. ಕೈಮುಗಿದು ನಿಂತಾಗ ಬೇಡುವುದು ಕ್ಷಮೆಯನ್ನು ಮಾತ್ರ.