ರಾಮನ ಬಾಣದ ನಡುಕ

ನಮ್ಮ ಬಾಲಿಯ ಕಮಸಾನ್ ಊರಲ್ಲಿ ಗುಡಿಯ ಬಟ್ಟೆಗೆ ರಾಮಾಯಣದ ಚಿತ್ರ ಬರೆಯುವುದೆಂದರೆ ಗೇಂದ್ರಜ್ಜನೇ ಬರೆಯಬೇಕು. ಅವರ ಸೊಸೆ ವಾರ್ಸಿಕಿ, ಪಕ್ಕದ ಮನೆಯ ನಾನು, ಇಬ್ಬರೂ ಬಣ್ಣ ತುಂಬುವವರು. ಬಟ್ಟೆಗೆ ಅಕ್ಕಿಗಂಜಿ ಬಳಿದು, ಒಣಗಿಸಿ, ಕವಡೆಯಿಂದ ಉಜ್ಜುವುದೂ ನಮ್ಮದೇ ಪಾಲು. ಕೊನೆಯ ಕಪ್ಪು ಗೆರೆ ಮಾತ್ರ ಅಜ್ಜನದು. ಅದು ಬೀಳುವವರೆಗೆ ರಾಮನೂ ಅಷ್ಟೆ, ರಾವಣನೂ ಅಷ್ಟೆ, ಬರೀ ಬಣ್ಣದ ಮುದ್ದೆ.

ವಾರ್ಸಿಕಿಗೆ ಆ ಗೆರೆಯ ಹುಚ್ಚು. ಒಲೆಯ ಬೂದಿ ಹರಡಿ, ಕಡ್ಡಿಯಿಂದ ಎಳೆದೆಳೆದು ಕಲಿತಿದ್ದಳು. ದಾರ ಹಿಡಿದ ಹಾಗೆ ನೆಟ್ಟಗೆ ಬರುತ್ತಿತ್ತು. ಅಜ್ಜ ಕಂಡರೆ ಮೂತಿ ತಿರುವುತ್ತಿದ್ದರು.

"ಬಣ್ಣ ತುಂಬೋಳು ಬಣ್ಣ ತುಂಬು. ಗೆರೆ ಗಿರೆ ಎಲ್ಲ ನಂಗ್ಬಿಡು."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ನಗುತ್ತಿದ್ದಳು.

ಈಚೆಗೆ ಅಜ್ಜನ ಕೈ ನಡುಗುತ್ತಿತ್ತು. ಗೆರೆಯಲ್ಲೂ ಅದು ಕಾಣುತ್ತಿತ್ತು. ಊರವರು ಅದನ್ನೇ ಅಜ್ಜನ ಗುರುತು ಮಾಡಿಕೊಂಡಿದ್ದರು. ಈ ಸಲ ಗುಡಿಯ ಹಬ್ಬ ಹತ್ತಿರ ಬಂದಾಗ ಅಜ್ಜ ಜ್ವರ ಬಂದು ಹಾಸಿಗೆ ಹಿಡಿದರು. ಬಟ್ಟೆಯ ಮೇಲೆ ರಾಮ ರಾವಣನತ್ತ ಬಾಣ ಹೂಡಿ ನಿಂತಿದ್ದ. ಗೆರೆಯೊಂದೇ ಬಾಕಿ. ಗೆರೆಯಿಲ್ಲದ ಬಟ್ಟೆ ಗುಡಿ ಸೇರುವಂತಿಲ್ಲ.

ಅಜ್ಜ ಸೊಸೆಯನ್ನು ಕರೆದು, ಗೋಡೆಯತ್ತ ಮುಖ ಮಾಡಿ ಹೇಳಿದರು: "ನೀನೇ ಎಳಿ. ಆದ್ರೆ ಗೇಂದ್ರನ ಕೈ ಬಿದ್ದೋಯ್ತು ಅಂತ ಊರು ಆಡ್ಕೋಬಾರ್ದು."

"ಆಡ್ಕೊಳಲ್ಲ ಮಾವ. ನೀವು ಮೊದ್ಲು ಗಂಜಿ ಕುಡೀರಿ."

ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ಕೈಮುಗಿದು, ಅಜ್ಜನ ಬಿದಿರಿನ ಲೇಖನಿ ಎತ್ತಿಕೊಂಡಳು. ನಾನು ಉಸಿರು ಬಿಗಿಹಿಡಿದು ಕೂತೆ. ರಾಮನ ಬಾಣದ ಗೆರೆ ಎಳೆದಳು. ಗೆರೆ ನಡುಗಿತು.

"ಅಯ್ಯೋ, ಏನಾಯ್ತೇ ನಿನ್ ಕೈಗೆ? ಬೂದೀಲಿ ಅಷ್ಟು ಚೆನ್ನಾಗ್ ಎಳೀತಿದ್ದೆ!"

"ಸುಮ್ನಿರಕ್ಕ. ನೆಟ್ಟಗೆ ಎಳೆದ್ರೆ ಇದು ಮಾವಂದಲ್ಲ ಅಂತ ಕುರುಡನಿಗೂ ಗೊತ್ತಾಗತ್ತೆ."

ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಕಾದ ಗೆರೆ ಕೈಗೆ ಸಿಕ್ಕ ದಿನ, ಅದನ್ನೂ ಮಾವನಿಗೇ ಕೊಟ್ಟುಬಿಟ್ಟಳಲ್ಲ! ಅಂಥ ದೊಡ್ಡ ಮನಸ್ಸು ನನಗಂತೂ ಇಲ್ಲ.

ಹಬ್ಬದ ದಿನ ಬಟ್ಟೆಯನ್ನು ಗುಡಿಯ ಮಂಟಪಕ್ಕೆ ಕಟ್ಟಿದರು. ತಲೆಯ ಮೇಲೆ ಹಣ್ಣಿನ ನೈವೇದ್ಯ ಹೊತ್ತು ಬಂದ ಹೆಂಗಸರು ಅಲ್ಲೇ ನಿಂತರು.

"ಜ್ವರದಲ್ಲೂ ಹೆಂಗ್ ಬರ್ದಿದಾರೆ ನೋಡ್ರೇ ಅಜ್ಜ!"

ಅಜ್ಜ ಕೋಲೂರಿಕೊಂಡು ಬಂದು ಬಾಣದೆದುರು ಬಹಳ ಹೊತ್ತು ನಿಂತರು. ಒಮ್ಮೆ ತಮ್ಮ ಕೈ ನೋಡಿಕೊಂಡರು.

ಮನೆಗೆ ಬಂದವರೇ ಬಿದಿರಿನ ಲೇಖನಿಯನ್ನು ಸೊಸೆಯ ಮಡಿಲಿಗೆ ಹಾಕಿದರು.

"ನನ್ ನಡುಕಾನೂ ಬಿಡ್ದೆ ಎಳ್ದಿದೀಯಲ್ಲೇ! ಮುಂದಿನ ಬಟ್ಟೇಲಿ ಬಾಣ ನೆಟ್ಟಗಿರ್ಲಿ. ಇದ್ಯಾರ ಕೈ ಅಂತ ಕೇಳಿದ್ರೆ, ನಮ್ ವಾರ್ಸಿಕೀದು ಅಂತ ನಾನೇ ಹೇಳ್ತೀನಿ."