ಅಕ್ಕನ ಯಂತ್ರವೂ ಕಿಟಕಿಯಾಚೆಯ ತೆಂಗಿನಕಾಯಿಯೂ

ಗೋಲಿ ದಾರಿ ತಪ್ಪಬಹುದಿತ್ತು. ಸಾಲಾಗಿ ನಿಲ್ಲಿಸಿದ ಬೆಂಕಿಪೊಟ್ಟಣಗಳು ಯಾರೋ ಸೀನಿದ್ದಕ್ಕೆ ಮೊದಲೇ ಉರುಳಬಹುದಿತ್ತು. ಕಾಳುಮೆಣಸು ಬಿದಿರಿನ ಕೊಳವೆಯೊಳಗೆ ಸಿಕ್ಕಿಕೊಳ್ಳಬಹುದಿತ್ತು. ಗುಂಡುಕಲ್ಲು ತೆಂಗಿನಕಾಯಿಯನ್ನು ಬಿಟ್ಟು ಹೆಡ್‌ಮಾಸ್ಟರರ ಕಾಲಿನ ಮೇಲೆ ಬೀಳಬಹುದಿತ್ತು. ಕಲ್ಲು ಬೀಳುವ ಮೊದಲೇ ಮಂಗವೊಂದು ಕಾಯಿಯನ್ನು ಎತ್ತಿಕೊಂಡು ಹೋಗಬಹುದಿತ್ತು. ಪಕ್ಕದ ತೋಟಕ್ಕೆ ಆನೆ ಇಳಿದು ಶಾಲೆಗೇ ರಜೆ ಕೊಡಿಸಬಹುದಿತ್ತು. ಇದನ್ನೆಲ್ಲ ನಾನು ಬೆಳಗಿನ ಕಾಫಿ ಆರಲು ಬಿಟ್ಟು ವಿವರಿಸುತ್ತಿದ್ದಾಗ ಹೆಂಡತಿ ಹೇಳಿದಳು: "ಕಲ್ಲು ಬೀಳದಿದ್ರೆ ನೀವೇ ಹೋಗಿ ಕಾಯಿ ಮೇಲೆ ಬೀಳಿ. ಈಗ ಕಾಫಿ ಕುಡೀರಿ."

ಗೋಲಿಯಿಂದ ಶುರುವಾಗಿ ಕಲ್ಲು ಬಿದ್ದು ಕಾಯಿ ಒಡೆಯುವಲ್ಲಿ ಮುಗಿಯುವ ಈ ಯಂತ್ರ ನನ್ನದಲ್ಲ, ಅಕ್ಕನದು. ನಮ್ಮೂರ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಆ ತಿಂಗಳ ಕೊನೆಗೆ ನಿವೃತ್ತಿ. ಇಳಿಜಾರು, ಸನ್ನೆಕೋಲು, ರಾಟೆ ಎಲ್ಲವನ್ನೂ ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದವಳು. "ನಾನು ಬರೆದ ಬಾಣ ಒಂದಾದ್ರೂ ಅಲ್ಲಾಡಿದ್ದು ನೋಡಿಲ್ಲ ಮಾರಾಯ," ಎಂದಳು. "ಹೋಗೋ ಮುಂಚೆ ಒಂದ್ಸಲ ಎಲ್ಲಾ ಒಟ್ಟಿಗೆ ಓಡೋದನ್ನ ನೋಡ್ಬೇಕು."

ಅವಳ ಏಳನೇ ತರಗತಿಯ ಮಕ್ಕಳು ಗೋಲಿ, ಪೊಟ್ಟಣ, ಡಬ್ಬಿ ತಂದರು. ಬಿದಿರು, ಹಗ್ಗ, ಹಳೇ ಬಾವಿಯ ರಾಟೆ ನಮ್ಮ ತೋಟದಿಂದ ಹೋದವು. ಡಬ್ಬಿ ತುಂಬಲು ಮೊದಲು ಮರಳು ಹಾಕಿದ್ದೆವು. ಬೆಳಗಿನ ಮಂಜಿಗೆ ತೇವ ಹಿಡಿದು ಅದು ಕೊಳವೆಯಲ್ಲಿ ಕದಲಲಿಲ್ಲ. ಒಣಗಿಸಿದ ಕಾಳುಮೆಣಸು ಹಾಕಿದ ಮೇಲೆ ಸರಾಗವಾಗಿ ಉರುಳಿತು. ಆದರೆ ಯಂತ್ರ ಬೆಳೆದು ಬೆಳೆದು ತರಗತಿಯಲ್ಲಿ ಹಿಡಿಸದೆ, ಕಿಟಕಿಯ ಸರಳುಗಳ ನಡುವೆ ತೂರಿ ಜಗಲಿಗೆ ಬಂತು. ಒಳಗೆ ಗೋಲಿ, ಪೊಟ್ಟಣ, ಸನ್ನೆ. ಹೊರಗೆ ಹಗ್ಗಕ್ಕೆ ತೂಗಿದ, ಮೆಣಸು ಬೀಳುವ ಡಬ್ಬಿ, ರಾಟೆ, ಗೂಟದ ಆಸರೆಯ ಕಲ್ಲು, ಅದರಡಿ ಕಾಯಿ.

ಅಲ್ಲೇ ಒಂದು ತೊಡಕು. ಗೋಲಿ ಬಿಟ್ಟು ಪಾಠ ಹೇಳಬೇಕಾದ ಅಕ್ಕ ಒಳಗೆ, ಕಿಟಕಿಯಿಂದ ದೂರದ ಮೂಲೆಯಲ್ಲೇ ಇರಬೇಕು.

"ಹೊರಗಿನದ್ದು ನಂಗೆ ಕಾಣೂದಿಲ್ಲ. ನೀನು ವಿಡಿಯೋ ಮಾಡು," ಎಂದಳು. "ಬೇರೆ ಎಂಥದೂ ಮುಟ್ಬೇಡ."

"ಅಕ್ಕ, ಹಗ್ಗ ಇನ್ನೊಂದು ಸುತ್ತು ಬಿಗಿದ್ರೆ..."

"ಮುಟ್ಬೇಡ ಅಂದೆ."

ಎರಡು ಜಡೆಯ ಹುಡುಗಿಯೊಬ್ಬಳು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಮಾಮ, ದೂರ ನಿಲ್ಲಿ. ನೀವು ನಡುಗಿದ್ರೆ ನೆಲವೂ ನಡುಗ್ತದೆ."

ಫೋನಿನ ಕ್ಯಾಮೆರಾ ತೆರೆದು, ಗಾಜಿಗೆ ಮಂಜು ಹಿಡಿದಿರಬಹುದೆಂದು ಅಂಗಿಯ ತುದಿಯಿಂದ ಹಿಂದೆ ಒರೆಸಿದೆ. ಸಮಾಧಾನವಾಗದೆ ಮುಂದೆಯೂ ಚೆನ್ನಾಗಿ ತಿಕ್ಕಿದೆ. ರೆಕಾರ್ಡ್ ಒತ್ತಿ, ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು, ಡಬ್ಬಿಯ ಮೇಲೆ ಕಣ್ಣು ನೆಟ್ಟೆ.

ಒಳಗಿಂದ ಅಕ್ಕನ ದನಿ: "ಬಿಟ್ಟೆ!" ಗೋಲಿ ಉರುಳಿದ ಸದ್ದು, ಪೊಟ್ಟಣಗಳ ಟಕಟಕ, ಸನ್ನೆ ಎದ್ದ ಟಪ್. ಕೊಳವೆಯಿಂದ ಮೆಣಸು ಜರ್ರೆಂದು ಸುರಿಯಿತು. ಡಬ್ಬಿ ಯೋಚಿಸಿತು. ಆಮೇಲೆ ನಿಧಾನವಾಗಿ ಇಳಿಯತೊಡಗಿತು, ರಾಟೆ ಕಿರುಗುಟ್ಟಿತು, ಕಲ್ಲಿಗೆ ಆಸರೆಯಾಗಿದ್ದ ಗೂಟ ಕಿತ್ತು ಬಂತು. ಕಲ್ಲು ಬಿದ್ದದ್ದು ಕಾಯಿಯ ನಡುನೆತ್ತಿಗೆ. ಎರಡು ಹೋಳು! ಹೆಡ್‌ಮಾಸ್ಟರರ ಕಾಲು ಕ್ಷೇಮ, ಮಂಗ ಬರಲಿಲ್ಲ, ಆನೆಗೆ ಬೇರೆ ಕೆಲಸವಿತ್ತು.

ಮಕ್ಕಳ ನಡುವೆ ದಾರಿ ಮಾಡಿಕೊಂಡು ಅಕ್ಕ ಹೊರಬರುವಷ್ಟರಲ್ಲಿ ಕಾಯಿ ಚೂರಾಗಿ ಹಂಚಿಹೋಗಿತ್ತು, ಮೆಣಸು ಜಗಲಿಯಿಡೀ ಹರಡಿತ್ತು. "ತೋರ್ಸು, ತೋರ್ಸು," ಎಂದು ಕನ್ನಡಕ ಹಾಕಿಕೊಂಡಳು. ನಾನು ಹೆಮ್ಮೆಯಿಂದ ಒತ್ತಿದೆ.

ಪರದೆಯ ತುಂಬ ನನ್ನ ಮುಖ. ಕೆಳಗಿನಿಂದ ತೆಗೆದದ್ದು, ಗದ್ದ ಮತ್ತು ಮೂಗಿನ ಹೊಳ್ಳೆಗಳೇ ಹೆಚ್ಚು. ತಿಕ್ಕುವಾಗ ಕ್ಯಾಮೆರಾ ನನ್ನ ಕಡೆ ತಿರುಗಿಬಿಟ್ಟಿತ್ತು.

ನನಗೆ ಆ ಜಗಲಿಯಲ್ಲೇ ಮೆಣಸಾಗಿ ಉರುಳಿಹೋಗೋಣ ಅನ್ನಿಸಿತು. ಅಕ್ಕ ಕೊನೆಯವರೆಗೂ ನೋಡಿ, ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಮೊದಲಿಂದ ಮತ್ತೆ ಓಡಿಸಿದಳು.

"ಬನ್ನಿ ಮಕ್ಳೇ, ಮಾಮನ ಕಣ್ಣು ನೋಡಿ. ಈಗ ಎಂಥ ಆಗ್ತಾ ಉಂಟು?"

ಪರದೆಯ ಮೇಲೆ ನನ್ನ ಕಣ್ಣುಗುಡ್ಡೆಗಳು ಇಷ್ಟಿಷ್ಟೇ ಕೆಳಗಿಳಿಯುತ್ತಿದ್ದವು.

"ಡಬ್ಬಿ ಇಳೀತಾ ಉಂಟು ಟೀಚರ್!"

ಕಣ್ಣು ಚಕ್ಕನೆ ಮೇಲಕ್ಕೆ ಹೋಯಿತು.

"ಈಗ?"

"ಗೂಟ ಬಂತು!"

ಬಾಯಿ ತೆರೆದುಕೊಂಡಿತು. ಹಣೆಗೆ ಒಂದು ಹನಿ ಕಾಯಿನೀರು ಹಾರಿತು.

"ಕಲ್ಲು! ಕಲ್ಲು!" ಎಂದು ಇಡೀ ತರಗತಿ ಕೂಗಿತು.

ಅಕ್ಕ ನಕ್ಕೂ ನಕ್ಕೂ ಕಂಬಕ್ಕೆ ಒರಗಿದಳು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಲ್ಲಾ ಕಂಡಿತು ಮಾರಾಯ," ಎಂದಳು. "ನೀನು ಮೂಗಿನ ಕೂದ್ಲು ಮಾತ್ರ ಸ್ವಲ್ಪ ಕತ್ತರಿಸ್ಕೋ."